ಹಗುರ ಗಾಡಿಯ ಐಬು

ಮದುವೆ ಮನೆಯಲ್ಲಿ ಊಟ ಮುಗಿದು ಎಲೆ-ಅಡಿಕೆಯ ತಟ್ಟೆ ಬಂತೆಂದರೆ ನಮ್ಮ ಬಳಗದಲ್ಲಿ ಯಾರಾದರೊಬ್ಬರು ನನ್ನ ಕಡೆ ತಿರುಗುತ್ತಾರೆ. "ಆ ಪ್ಲಾಸ್ಟಿಕ್ ಮೋಟಾರಿಂದು ಒಂದೀಟು ಹೇಳ್ರಿ, ಹುಡುಗೂರು ಕೇಳಿಲ್ಲ." ನಾನು ಹೇಳುತ್ತೇನೆ. ಎಷ್ಟೋ ವರ್ಷಗಳಿಂದ ಹೇಳುತ್ತಿದ್ದೇನೆ. ಜೋಳದ ಚೀಲದ ಜಾಗ ಬಂದಾಗ ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ. ಮನೆಗೆ ಬಂದ ಮೇಲೆ ಹಲ್ಲು ಕಚ್ಚಿಕೊಂಡು ಮಲಗುತ್ತೇನೆ. ಹೇಳಿ ಹೇಳಿ ಆ ಕಥೆ ನುಣ್ಣಗಾಗಿದೆ. ಅದರಲ್ಲಿ ಒಬ್ಬ ಹೆಡ್ಡ ಸಾವಕಾರ ಇದ್ದಾನೆ, ಒಬ್ಬ ಮುಗ್ಧ ಮಾಸ್ತರ ಇದ್ದಾನೆ. ಸಾವಕಾರ ಹೆಡ್ಡನಾಗಿರಲಿಲ್ಲ. ಮಾಸ್ತರ ನಾನು. ಮುಗ್ಧನಂತೂ ಅಲ್ಲವೇ ಅಲ್ಲ.

ಗಾಡಿ ನನ್ನ ಕೈಗೆ ಬಂದದ್ದು ನಾಲ್ಕು ಮರದ ಪೆಟ್ಟಿಗೆಗಳಲ್ಲಿ. ಕಾಲುವೆ ಕೆಲಸಕ್ಕೆಂದು ಬಿಜಾಪುರಕ್ಕೆ ಬಂದಿದ್ದ ಎಂಜಿನಿಯರರೊಬ್ಬರು ವಿಲಾಯತಿಯಿಂದ ಮರಳುವಾಗ ಹಡಗಿನಲ್ಲಿ ತಂದಿದ್ದರು. ಅಲ್ಲಿ ಹಾಗೆ ಮಾರುತ್ತಾರಂತೆ: ಉಕ್ಕಿನ ಕೊಳವೆಗಳು, ಗಾಜಿನ ನಾರಿನಿಂದ ಮಾಡಿದ ಮೈ, ಎರಡು ಸೀಟು, ಒಂದು ತೆಳ್ಳನೆಯ ಪುಸ್ತಕ. ಓಟದ ಕಾರು, ಕಟ್ಟಿಕೊಳ್ಳುವುದು ಕೊಂಡವನ ಪಾಲಿಗೆ. ಎಂಜಿನ್ನು, ಗೇರು, ಗಾಲಿಗಳನ್ನು ಯಾವುದಾದರೂ ಹಳೆಯ ಕಾರಿನಿಂದ ಕಿತ್ತು ಹಾಕಬೇಕು. ಅವರಿಗೆ ವರ್ಗವಾಯಿತು, ಪೆಟ್ಟಿಗೆಗಳನ್ನು ಒಯ್ಯುವ ಮನಸ್ಸಾಗಲಿಲ್ಲ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಅರಕೇರಿಯ ಹೊಲದಲ್ಲಿ ನನ್ನ ಪಾಲಿಗೆ ಬಂದ ತುಂಡನ್ನು ಅಣ್ಣನಿಗೇ ಬಿಟ್ಟುಕೊಟ್ಟು ಪೆಟ್ಟಿಗೆಗಳನ್ನು ಕೊಂಡೆ. ಅಣ್ಣ ಪೆಟ್ಟಿಗೆಯೊಳಗೆ ಬಗ್ಗಿ ನೋಡಿ, "ಎರೀ ಹೊಲಾ ಕೊಟ್ಟು ಪೈಪ್ ತಂದಾನ," ಎಂದ. ಅದನ್ನೂ ಮದುವೆಗಳಲ್ಲಿ ಹೇಳುತ್ತೇನೆ.

ಮೈಯ ಬಣ್ಣ ಕೆಂಪು ಎಂದು ಹೇಳುತ್ತ ಬಂದಿದ್ದೇನೆ. ಹೆಂಡತಿ ಹಸಿರು ಎನ್ನುತ್ತಾಳೆ. ಫೋಟೋ ಒಂದೇ ಇದೆ, ಕಪ್ಪು-ಬಿಳುಪಿನದು. ಓಟದ ಕಾರು ಕೆಂಪಾಗಿರಬೇಕೆಂದು ನಾನೇ ಆಮೇಲೆ ಬಳಿದುಕೊಂಡಿರಬಹುದು. ಬಣ್ಣದ ವಿಷಯದಲ್ಲೇ ಹೀಗೆ ಮಾಡಿದವನು ಉಳಿದದ್ದರಲ್ಲಿ ಏನು ಮಾಡಿಲ್ಲ?

ಕಟ್ಟಿದವನು ಟಾಂಗಾ ಮಿಸ್ತ್ರಿ. ಬಸ್‌ಸ್ಟ್ಯಾಂಡಿನ ಬಳಿಯ ಟಾಂಗಾ ನಿಲ್ದಾಣದ ಹಿಂದೆ ಅವನ ತಗಡಿನ ಅಂಗಡಿ. ಅವನ ಅಜ್ಜನ ಕಾಲದಿಂದ ಊರಿನ ಟಾಂಗಾಗಳೆಲ್ಲ ಅಲ್ಲೇ ಹುಟ್ಟಿದವು. ಮೋಟಾರು ಗ್ಯಾರೇಜಿನವರು ನನ್ನ ಪೆಟ್ಟಿಗೆ ನೋಡಿ ನಕ್ಕು ಕಳಿಸಿದ್ದರು. ಮಿಸ್ತ್ರಿ ನಗಲಿಲ್ಲ. ಒಂದು ಕೊಳವೆಯನ್ನು ಅಂಗೈ ಮೇಲೆ ಅಡ್ಡಡ್ಡ ಇಟ್ಟು ತೂಗಿ ನೋಡಿದ.

"ಇದನ್ನ ಮಾಡಿದಾವಗ ಕುದುರಿ ಗೊತ್ತೈತ್ರಿ, ಮಾಸ್ತರ್ರ," ಎಂದ.

"ಇದು ಮೋಟಾರ್ ಐತಿ, ಚಾಚಾ. ಕುದುರಿ ಎಲ್ಲಿಂದ ಬಂತು?"

"ಎಳ್ಯಾವಗ ಭಾರ ಆಗಬಾರ್ದು ಅಂತ ಮಾಡ್ಯಾರಲ್ಲ. ಎಂಜಿನ್ ಆದ್ರೇನು, ಕುದುರಿ ಆದ್ರೇನು. ಭಾರದ ಟಾಂಗಾ ಕಟ್ಟಿದ್ರ ನಾಕು ವರ್ಷದಾಗ ಕುದುರಿ ಸಾಯ್ತೈತಿ. ನಮ್ಮ ಅಬ್ಬಾ ಒಂದೊಂದು ಮೊಳೀನೂ ತೂಗಿ ಬಡೀತಿದ್ದಾ."

ನಾನು ಪುಸ್ತಕ ಓದಿ ಹೇಳಿದ್ದನ್ನು ಅವನು ಅರ್ಧ ಕೇಳುವಷ್ಟರಲ್ಲಿ ಗ್ರಹಿಸುತ್ತಿದ್ದ. ಹಿಂದಿನ ಚೌಕಟ್ಟಿನ ಕೊಳವೆಗಳು ಪೆಟ್ಟಿಗೆಯಲ್ಲಿ ಇರಲೇ ಇಲ್ಲ. ಚಿತ್ರ ನೋಡಿ ಅವನೇ ಕತ್ತರಿಸಿ ಬೆಸೆದ. ಸೋಲಾಪುರದ ಗುಜರಿಯಿಂದ ಅಪಘಾತವಾದ ಸಣ್ಣ ಕಾರೊಂದರ ಎಂಜಿನ್ನು ತಂದೆವು. ಎರಡು ವರ್ಷ ಹಿಡಿಯಿತು. ರಿಜಿಸ್ಟ್ರಿಗೆ ಹೋದಾಗ ಅರ್ಜಿಯಲ್ಲಿ ತಯಾರಿಸಿದವರು ಯಾರು ಎಂಬ ಜಾಗದಲ್ಲಿ ಏನು ಬರೆಯಬೇಕೆಂದು ಯಾರಿಗೂ ತಿಳಿಯಲಿಲ್ಲ. ನಾನು ನನ್ನ ಹೆಸರು ಬರೆದೆ. ಟಾಂಗಾದವರು ಮಾತ್ರ ಅದನ್ನು ಕೊನೆಯವರೆಗೂ 'ಮಿಸ್ತ್ರಿ ಗಾಡಿ' ಎಂದೇ ಕರೆದರು.

ಅದು ಓಡುತ್ತಿದ್ದ ಬಗೆಯನ್ನು ಬರೆದರೆ ಇದು ಮತ್ತೆ ಮದುವೆಮನೆಯ ಕಥೆಯಾಗುತ್ತದೆ. ಇಷ್ಟು ಸಾಕು: ಟಿಕೋಟಾ ರಸ್ತೆಯಲ್ಲಿ ಅರಕೇರಿ ದಾಟಿದ ಮೇಲೆ ಒತ್ತಿದರೆ ಗಾಡಿ ನನ್ನ ಕಾಲಿಗಿಂತ ಮೊದಲೇ ಮುಂದಿರುತ್ತಿತ್ತು. ನಿಲ್ಲಿಸಿದರೆ ಮಂದಿ ಬಂದು ಬೆರಳ ಗೆಣ್ಣಿನಿಂದ ಮೈಗೆ ಟಕ್ ಟಕ್ ಬಡಿಯುತ್ತಿದ್ದರು, ಕುಂಬಳಕಾಯಿ ನೋಡುವಂತೆ. "ಹಗುರ ಐತಲ್ರಿ," ಎನ್ನುತ್ತಿದ್ದರು, ಕಾಯಿಲೆಯವರ ಬಗ್ಗೆ ಹೇಳುವ ದನಿಯಲ್ಲಿ. ನನಗೆ ಆಗಲೇ ಸಿಟ್ಟು. ಈ ಜನಕ್ಕೆ ಕಬ್ಬಿಣವೆಂದರೆ ಬೆಲೆ, ತೂಕವೆಂದರೆ ಮರ್ಯಾದೆ. ಎರಡು ವರ್ಷ ಕೂತು ನಾವು ಗುಂಜಿ ಗುಂಜಿ ಕಡಿಮೆ ಮಾಡಿದ್ದನ್ನೇ ಅವರು ಕೊರತೆ ಎನ್ನುತ್ತಿದ್ದರು.

ಮಾರಬೇಕಾಗಿ ಬಂದದ್ದಕ್ಕೆ ಕಾರಣ ದೊಡ್ಡದೇನಿಲ್ಲ. ಪೆಟ್ರೋಲಿನ ದರ ಏರಿತು. ಎರಡನೆಯ ಮಗು ಹುಟ್ಟಿತು, ಸೀಟು ಎರಡೇ. ನಮ್ಮವ್ವ ಒಂದೇ ಒಂದು ಸಲ ಕೂತು, ನೆಲಕ್ಕೆ ಅಂಟಿದ ಆ ಸೀಟಿನಿಂದ ಏಳಲಾರದೆ, "ಎತ್ತಲೇ ಯಪ್ಪಾ ನನ್ನ," ಎಂದು ಕೈ ಚಾಚಿದ್ದಳು. ಬಬಲೇಶ್ವರದ ಸಾವಕಾರನೊಬ್ಬ ಗಾಡಿಯನ್ನು ಟಿಕೋಟಾದಲ್ಲಿ ನೋಡಿದ್ದ. ಅವನಿಗೆ ಅದು ಬೇಕಿತ್ತು. ಆದರೆ ಅವನ ಶರತ್ತು ಒಂದೇ: ವ್ಯವಹಾರ ಬಬಲೇಶ್ವರದ ಸಂತೆಯಲ್ಲಿ, ಅವನ ದನದ ದಲ್ಲಾಳಿಯ ಕೈಯಿಂದ ಆಗಬೇಕು. ಎತ್ತಾದರೂ ಸರಿ, ಮೋಟಾರಾದರೂ ಸರಿ, ಆ ದಲ್ಲಾಳಿ ಕೈ ಹಾಕದೆ ಅವನು ಏನನ್ನೂ ಕೊಂಡವನಲ್ಲ.

ದನದ ಸಂತೆಯ ಪದ್ಧತಿ ಹೀಗೆ. ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಕೈಗಳ ಮೇಲೆ ವಲ್ಲಿ, ಅಂದರೆ ಹೆಗಲ ಮೇಲಿನ ವಸ್ತ್ರ, ಹೊದಿಸಿ ಒಳಗೆ ಬೆರಳು ಹಿಡಿದು ಕುದುರಿಸುತ್ತಾರೆ. ವಲ್ಲಿ ಬೀಳುವ ಮೊದಲು ದಲ್ಲಾಳಿ ಎಲ್ಲರಿಗೂ ಕೇಳುವಂತೆ ಐಬು ಕೇಳುತ್ತಾನೆ: ಹಾಯುತ್ತದೆಯೇ, ಒದೆಯುತ್ತದೆಯೇ, ನೊಗ ಕಂಡರೆ ಮಲಗುತ್ತದೆಯೇ. ಹೇಳಿದ ಐಬಿಗೆ ತಕರಾರಿಲ್ಲ, ಗೊತ್ತಿದ್ದೇ ಕೊಂಡ ಲೆಕ್ಕ. ಹೇಳದ ಐಬು ಆಮೇಲೆ ಹೊರಬಿದ್ದರೆ ಕೆಟ್ಟ ಹೆಸರು ಮಾರಿದವನಿಗಿಂತ ಹೆಚ್ಚಾಗಿ ಸಾಕಿದ ಮನೆಗೆ. ಆ ಮನೆಯ ಕರುವನ್ನು ಮತ್ತೆ ಯಾರೂ ಮುಟ್ಟುವುದಿಲ್ಲ.

ಇದು ಮಿಸ್ತ್ರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಸಂತೆಗೆ ಹೊರಟ ಬೆಳಿಗ್ಗೆ ಗಾಲಿಗೆ ಗಾಳಿ ಹಾಕುತ್ತ ಹೇಳಿದ:

"ದಲ್ಲಾಳಿ ಐಬು ಕೇಳ್ತಾನ್ರಿ. ಎರಡ ಮಂದಿ, ಹೇರಂಗಿಲ್ಲ ಅಂತ ಹೇಳ್ರಿ."

"ಅದು ಐಬಲ್ಲ ಚಾಚಾ. ಅದಕ್ಕಂತನ ಅಲ್ಲೇನು ನಾವು ಕಟ್ಟಿದ್ದು?"

"ನನಗ ಗೊತ್ತೈತಿ, ನಿಮಗ ಗೊತ್ತೈತಿ. ಅವರಿಗೆ ಐಬು ಅಂದ್ರಷ್ಟ ತಿಳಿತೈತಿ. ಹಂಗ ಹೇಳ್ರಿ."

"ಹೇಳ್ತೇನಿ ಬಿಡು."

ಸಂತೆಯಲ್ಲಿ ನಮ್ಮ ಗಾಡಿ ಎತ್ತುಗಳ ಸಾಲಿನ ತುದಿಗೆ ನಿಂತಿತ್ತು. ಸುತ್ತ ನೂರು ಮಂದಿ. ದಲ್ಲಾಳಿ ಹೆಗಲ ಮೇಲಿನ ವಲ್ಲಿಯನ್ನು ತೆಗೆದು ಝಾಡಿಸಿದ.

"ಹೇಳ್ರಿ ಮಾಸ್ತರ. ಹಾಯತೈತೇನು?"

ಜನ ನಕ್ಕರು. ಹಿಂದಿನಿಂದ ಒಬ್ಬ, "ಹಲ್ಲು ನೋಡೋ ಮೊದಲ, ವಯಸ್ಸು ತಿಳಿಲಿ," ಎಂದ.

"ಒದಿತೈತೇನು? ಹೇರಿದ್ರ ಮಲಗತೈತೇನು? ಐಬು ಏನರ ಇದ್ರ ಈಗ ಹೇಳ್ರಿ, ವಲ್ಲಿ ಬಿದ್ದ ಮ್ಯಾಲೆ ಮಾತಿಲ್ಲ."

ಹೇರಿದರೆ ಮಲಗುತ್ತದೆಯೇ ಎಂದೇ ಕೇಳಿದ. ಅದಕ್ಕಿಂತ ನೇರವಾಗಿ ಯಾರೂ ಕೇಳಲಾರರು. ನಾನು ಆ ನಗುವ ಮುಖಗಳನ್ನು ನೋಡಿದೆ. ನಾನು ಕಂಡ ಅತ್ಯಂತ ಸೊಗಸಾದ ವಸ್ತುವನ್ನು ಕುಂಟು ಹೋರಿಯ ಹಾಗೆ ಇವರ ಮುಂದೆ ನಿಲ್ಲಿಸಿ, ಇದರ ಗುಣವನ್ನೇ ಇದರ ಐಬು ಎಂದು ನನ್ನ ಬಾಯಿಂದ ಹೇಳಬೇಕೇ ಎನಿಸಿತು.

"ಐಬು ಇಲ್ಲ," ಎಂದೆ.

ಬೆಲೆ ಕಡಿಮೆಯಾದೀತೆಂಬ ಭಯಕ್ಕೆ ಹಾಗೆ ಹೇಳಿದೆನೆಂದು ಕೆಲವರು ತಿಳಿದರು. ಅದಾಗಿದ್ದರೆ ಆಸೆಬುರುಕತನ ಎಂದು ಕ್ಷಮಿಸಬಹುದಿತ್ತು. ಅದಕ್ಕಲ್ಲ, ಸೊಕ್ಕಿಗೆ. ವಲ್ಲಿ ಬಿತ್ತು. ದಲ್ಲಾಳಿಯ ಒರಟು ಬೆರಳುಗಳು ನನ್ನ ಬೆರಳು ಹಿಡಿದವು. ಒಳಗೆ ಕೈ ಇದ್ದಷ್ಟು ಹೊತ್ತೂ ನಾನು ಬಾಯಿ ತೆರೆದು ಹೇಳಬಹುದಿತ್ತು. ಮಾತಾಡಬಾರದೆಂಬ ಪದ್ಧತಿ ಅಡ್ಡ ಬಂತೆಂದು ಬಹಳ ಕಾಲ ನಂಬಿಕೊಂಡಿದ್ದೆ. ಪದ್ಧತಿ ಅಡ್ಡ ಬರಲಿಲ್ಲ. ನಾನು ಅದರ ಹಿಂದೆ ಅಡಗಿದ್ದೆ.

ಒಂದೂವರೆ ತಿಂಗಳು ಕಳೆಯಿತು. ಸಾವಕಾರ ಗಾಡಿಯ ಹಿಂಭಾಗಕ್ಕೆ ಹಲಗೆ ಬಿಗಿಸಿ, ಮೂರು ಚೀಲ ಜೋಳ ಹೇರಿ, ಚೀಲದ ಮೇಲೆ ಒಬ್ಬ ಆಳನ್ನು ಕೂರಿಸಿಕೊಂಡು, ಟಿಕೋಟಾದಲ್ಲಿದ್ದ ತಂಗಿಯ ಮನೆಗೆ ಹೊರಟ. ನಡುದಾರಿಯಲ್ಲಿ ಗಾಡಿಯ ಬೆನ್ನು ಮುರಿಯಿತು. ಜೋಳ ರಸ್ತೆಯ ಮೇಲೆ, ಆಳು ಜೋಳದ ಮೇಲೆ. ಯಾರಿಗೂ ಪೆಟ್ಟಾಗಲಿಲ್ಲ. ಎಲ್ಲರೂ ನಗುವುದು ಇಲ್ಲಿಯೇ, ನನ್ನ ಕಥೆ ಮುಗಿಯುವುದೂ ಇಲ್ಲಿಯೇ.

ಆದರೆ ಮರುದಿನ ಸಾವಕಾರ ಗಾಡಿಯನ್ನು ಎತ್ತಿನ ಬಂಡಿಯ ಮೇಲೆ ಹಾಕಿಕೊಂಡು ಬಿಜಾಪುರಕ್ಕೆ ಬಂದ. ನನ್ನ ಮನೆಗಲ್ಲ. ನೇರ ಟಾಂಗಾ ನಿಲ್ದಾಣಕ್ಕೆ. ಸುದ್ದಿ ತಿಳಿದು ನಾನು ಶಾಲೆಯಿಂದ ಓಡಿದಾಗ ಅಂಗಡಿಯ ಮುಂದೆ ಟಾಂಗಾದವರೆಲ್ಲ ಸೇರಿದ್ದರು.

"ಏನ್ಲೇ ಮಿಸ್ತ್ರಿ, ಇದೇನು ಗಾಡಿನೋ ಹಪ್ಪಳನೋ?" ಸಾವಕಾರ ಕೂಗುತ್ತಿದ್ದ. "ಮೂರ ಚೀಲಕ್ಕ ಮುರದೈತಿ. ನಮ್ಮ ಕತ್ತೆ ಐದು ಹೊರತೈತಿ. ನಾಳೆ ನೀ ಕಟ್ಟಿದ ಟಾಂಗಾದಾಗ ಹೆಣ್ಣಮಕ್ಕಳು ಕುಂಡ್ರತಾರ. ಅವೂ ಹಿಂಗ ಏನು?"

ನಾನು ಬಗ್ಗಿ ನೋಡಿದೆ. ಬೆಸುಗೆ ಬಿಟ್ಟಿರಲಿಲ್ಲ. ಮಿಸ್ತ್ರಿಯ ಒಂದು ಬೆಸುಗೆಯೂ ಬಿಟ್ಟಿರಲಿಲ್ಲ. ಅದರ ಪಕ್ಕದ ಕೊಳವೆ ಹರಿದಿತ್ತು. ಅಲ್ಲಿದ್ದವರಲ್ಲಿ ಅದನ್ನು ಬಗ್ಗಿ ನೋಡಿದವರು ಯಾರೂ ಇಲ್ಲ. ಒಬ್ಬ ಟಾಂಗಾದವನು ಪಟ್ಟಿ ಕಟ್ಟಲು ಬಿಟ್ಟುಹೋಗಿದ್ದ ತನ್ನ ಗಾಲಿಯನ್ನು ಗೋಡೆಯ ಬಳಿಯಿಂದ ಎತ್ತಿ ಉರುಳಿಸಿಕೊಂಡು ಹೊರಟ. ಮಿಸ್ತ್ರಿ ಆ ಗಾಲಿ ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದ. ಸಾವಕಾರನ ಕೂಗಾಟಕ್ಕೆ ಅಲುಗದಿದ್ದವನ ಮುಖ ಆಗ ಬದಲಾಯಿತು.

ಸಾವಕಾರ ನನ್ನನ್ನು ಕಂಡ. ನನಗೆ ಅವನು ಮರ್ಯಾದೆಯಿಂದಲೇ ಮಾತಾಡಿದ. "ಮಾಸ್ತರ, ನೂರ ಮಂದಿ ಮುಂದ ಐಬು ಇಲ್ಲ ಅಂದ್ರಿ ನೀವು. ನಿಮಗ ಗೊತ್ತಿತ್ತೋ ಇಲ್ಲೋ?"

ಗೊತ್ತಿರಲಿಲ್ಲ ಎಂದರೆ ತಪ್ಪು ಮಿಸ್ತ್ರಿಯದು. ಗೊತ್ತಿತ್ತು ಎಂದರೆ ನನ್ನದು. ನಾನು ಸುಮ್ಮನೆ ನಿಂತಿದ್ದೆ ಎಂದೇ ನನ್ನ ನೆನಪು. ತಲೆ ತಗ್ಗಿಸಿ, ಮಾತಿಲ್ಲದೆ. ಇಷ್ಟು ವರ್ಷ ಆ ಚಿತ್ರವನ್ನೇ ಕಾಪಾಡಿಕೊಂಡು ಬಂದೆ. ಮೊನ್ನೆ ಇದನ್ನು ಬರೆಯಲು ಕೂತಾಗ ಹೆಂಡತಿಗೆ ಓದಿ ಹೇಳಿದೆ. ಅವಳು ಸೋಸುತ್ತಿದ್ದ ಸೊಪ್ಪು ಬಿಟ್ಟು ನನ್ನನ್ನು ನೋಡಿದಳು.

"ಸುಮ್ನ ಎಲ್ಲಿ ನಿಂತಿದ್ರಿ? 'ಮಿಸ್ತ್ರಿ ನನಗೇನೂ ಹೇಳಿರಲಿಲ್ಲ' ಅಂತ ಸಾವಕಾರಗ ಅಂದು ಬಂದೆ ಅಂದಿದ್ರಿ ನನ್ನ ಮುಂದ. ಎರಡು ದಿನ ಅನ್ನ ಉಂಡಿರಲಿಲ್ಲ ನೀವು."

ಹಾಗಾದರೆ ಹೇಳಿದ್ದೇನೆ. ಆ ಮಾತು ನನ್ನ ಬಾಯಲ್ಲಿ ಬಂದ ಸದ್ದು ನನಗೆ ನೆನಪಿಲ್ಲ. ನೆನಪಿಲ್ಲದಿರುವುದೇ ಸಾಕ್ಷಿ. ಈ ತಲೆ ಒಳ್ಳೆಯದನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನು ತಿಪ್ಪೆಗೆ ಹಾಕಿದೆ. ಇಂಥ ತಲೆಯ ಮೇಲೆ ಸಿಟ್ಟಾಗದೆ ಇನ್ನೇನು ಮಾಡಲಿ?

ಮಿಸ್ತ್ರಿ ನನ್ನನ್ನು ಒಂದು ಸಲ ನೋಡಿದ. ಆ ಬೆಳಿಗ್ಗೆಯ ಮಾತನ್ನು ಎತ್ತಲಿಲ್ಲ. ಸಾವಕಾರನಿಗೆ, "ಬಿಟ್ಟು ಹೋಗ್ರಿ, ಮೂರು ದಿನದಾಗ ಕೊಡ್ತೇನಿ. ಐದು ಚೀಲ ಹೇರ್ರಿ, ಮುರದ್ರ ಅಂಗಡಿ ಮುಚ್ಚತೇನಿ," ಎಂದ. ಟಾಂಗಾದವರೆಲ್ಲ ಕೇಳುವಂತೆ ಹೇಳಿದ.

ಮೂರನೆಯ ದಿನ ಹೋದೆ. ಗಾಡಿ ಮಗುಚಿ ಬಿದ್ದಿತ್ತು. ಕೊಳವೆಗಳ ಉದ್ದಕ್ಕೂ ಅವನು ಬಂಡಿಗೆ ಹಾಕುವಂಥ ಗಡುಸು ಕಬ್ಬಿಣದ ಪಟ್ಟಿ ಬೆಸೆಯುತ್ತಿದ್ದ. ಹಿಂದೆ ಟ್ರಕ್ಕಿನ ಎರಡು ಕಮಾನು ಸ್ಪ್ರಿಂಗು. ನನಗೆ ತಡೆಯಲಾಗಲಿಲ್ಲ.

"ಏನು ಮಾಡಾಕತ್ತಿ ಚಾಚಾ? ಹಿಂದ ಇಷ್ಟು ಭಾರ ಆದ್ರ ಮುಂದಿನ ಗಾಲಿ ನೆಲಾ ಹಿಡಿಯಂಗಿಲ್ಲ. ಗಾಡಿ ಸತ್ತು ಹೋಗ್ತೈತಿ."

"ಹೌದ್ರಿ."

"ಗೊತ್ತಿದ್ದೂ ಮಾಡ್ತೀ?"

"ಗಾಡಿ ನಿಮ್ಮದಲ್ಲ ಈಗ, ಸಾವಕಾರಂದು. ಹೆಸರು ನಂದೈತಿ. ಎರಡೂ ಉಳಿಯೂದಿಲ್ರಿ."

ನಾನು ಕೂಗಾಡಿದೆ. ಈ ಊರಿನ ಮೇಲೆ, ಸಾವಕಾರನ ಮೇಲೆ, ತೂಕವಿಲ್ಲದಿದ್ದರೆ ಮರ್ಯಾದೆಯಿಲ್ಲ ಎನ್ನುವ ಎಲ್ಲರ ಮೇಲೆ. ಅವನು ಕೇಳುತ್ತ ಪಟ್ಟಿಯನ್ನು ಅಳತೆಗೆ ಕತ್ತರಿಸಿದ. ನನಗೆ ಬೇಕಾಗಿದ್ದದ್ದು ಒಂದೇ: ಅವನು ತಿರುಗಿ ಬೈಯಬೇಕು, 'ನಾನು ಹೇಳು ಎಂದಿದ್ದೆ, ನೀ ಹೇಳಲಿಲ್ಲ' ಎನ್ನಬೇಕು. ಬೈದಿದ್ದರೆ ನಾನೂ ಬೈದು ಮನೆಗೆ ಹೋಗಿಬಿಡುತ್ತಿದ್ದೆ. ಅವನು ಆ ಅವಕಾಶ ಕೊಡಲಿಲ್ಲ.

"ಬಂದೀರಿ ಅಂದಮ್ಯಾಲೆ ಈ ತುದಿ ಹಿಡೀರಿ," ಎಂದ. "ಒಬ್ಬಂವಗ ಆಗವಲ್ದು, ಭಾರ ಐತಿ."

ಹಿಡಿದೆ. ಕಿಡಿ ಹಾರತೊಡಗಿದವು, ಮುಖ ಪಕ್ಕಕ್ಕೆ ತಿರುಗಿಸಿದೆ. ಕಬ್ಬಿಣ ಕಾಯುತ್ತ ಬಂತು. ಅವನು ಸಾಕು ಎನ್ನುವವರೆಗೂ ನಾನು ಬಿಡಲಿಲ್ಲ.