ನೀಲವ್ವ ಸಿಸ್ಟರ್ ಕುರ್ಚಿ ಬಿಟ್ಟೇಳದ ದಿನ

ಇಲ್ಲ... ಮನಸ್ಸು ಒಪ್ಪಲೊಲ್ಲದು.

ಬೆಳಗಿನ ಜಪ ಮುಗಿಸಿ ಮೊಬೈಲ್ ಕೈಗೆತ್ತಿಕೊಂಡೆ.
ನಮ್ಮ ನಿವೃತ್ತ ನರ್ಸುಗಳ ವಾಟ್ಸಾಪ್ ಗ್ರೂಪಿನಲ್ಲಿ ಒಂದೇ ಸಾಲು...
ನೀಲವ್ವ ಇನ್ನಿಲ್ಲ.

ಮೊನ್ನೆ ಏಕಾದಶಿಯಂದು ಫೋನ್ ಮಾಡಿ, ನನ್ನ ಬಿಪಿ ವಿಚಾರಿಸಿ, ಉಪ್ಪಿನಕಾಯಿ ಬಿಡದ್ದಕ್ಕೆ ಗದರಿಸಿದವಳು...
ಇಂದು ಹೇಗೆ ಇಲ್ಲವಾದಾಳು?

ಪುಣೆಯ ನಮ್ಮ ಟ್ರಸ್ಟ್ ಆಸ್ಪತ್ರೆಯಲ್ಲಿ ಅವಳು ನನಗಿಂತ ಆರು ವರ್ಷ ಕಿರಿಯಳು.
ತಂದೆತಾಯಿ ಯಾದಗಿರಿಯ ಕಡೆಯಿಂದ ಬಂದು, ಇಲ್ಲಿಯ ಕೊಂಢವಾದಲ್ಲಿ ಗಾರೆ ಕೆಲಸ ಮಾಡಿ ಮಗಳಿಗೆ ನರ್ಸಿಂಗ್ ಓದಿಸಿದವರು.
ಗ್ರೂಪಿನ ಕಿರಿಯರಾದ ನೀವೆಲ್ಲ ಅವಳನ್ನು ಬೆನ್ನು ಬಾಗಿದ ಮುದುಕಿಯಾಗಿ ಮಾತ್ರ ಕಂಡಿದ್ದೀರಿ.
ಆ ಬೆನ್ನು ಬಾಗಿದ ಬಗೆಯನ್ನು ಹೇಳದೆ ಹೋದರೆ ನಾನು ಕೃತಘ್ನಳಾಗುತ್ತೇನೆ...

ಎಪ್ಪತ್ತರ ದಶಕದ ಕೊನೆಯ ವರ್ಷಗಳು.
ಆಡಳಿತ ಮಂಡಳಿಗೂ ಯೂನಿಯನ್ನಿಗೂ ಹೊಸ ಕರಾರಿನ ಮಾತುಕತೆ ನಡೆದಿತ್ತು.
ಡ್ರೈವರರ ಪರವಾಗಿ ಜನರಿದ್ದರು, ಅಡುಗೆಯವರ ಪರವಾಗಿ ಜನರಿದ್ದರು... ನರ್ಸುಗಳ ಪರವಾಗಿ ಒಬ್ಬರೂ ಇರಲಿಲ್ಲ.
ನೀಲವ್ವ ತಾನಾಗಿಯೇ ಹೆಸರು ಕೊಟ್ಟಳು.
ನನ್ನದನ್ನೂ ಕೊಟ್ಟಳು. ನನ್ನನ್ನು ಕೇಳಲಿಲ್ಲ!

"ನಿಮಗ ಇಂಗ್ಲಿಷ್ ಬರೀಲಿಕ್ಕೆ ಬರ್ತದ ಅಕ್ಕಾರ. ನನಗ ಬಾಯಿ ಅದ. ಇಬ್ರೂ ಕೂಡಿದ್ರ ಒಬ್ಬಾಕಿ ಲೀಡರ್ ಆಗ್ತೀವಿ."

ನಮ್ಮ ಬೇಡಿಕೆ ಒಂದೇ... ಗರ್ಭಿಣಿ ನರ್ಸಿಗೆ ರೋಗಿಗಳನ್ನು ಎತ್ತುವ ಕೆಲಸ ಕೊಡಬಾರದು.

ಹಿಂದಿನ ವರ್ಷ ಮೂಳೆ ವಾರ್ಡಿನಲ್ಲಿ, ತೊಡೆಯವರೆಗೆ ಪ್ಲಾಸ್ಟರ್ ಹಾಕಿದ್ದ ರೋಗಿಯನ್ನು ಟ್ರಾಲಿಗೆ ಎತ್ತಿದ ದಿನವೇ ನನ್ನ ಐದು ತಿಂಗಳ ಗರ್ಭ ಇಳಿದುಹೋಗಿತ್ತು.
ಈಗ ಮತ್ತೆ ಮೂರನೆಯ ತಿಂಗಳು. ಅದೇ ವಾರ್ಡು.
ದೈವೇಚ್ಛೆಯೆಂದು ನಾನು ಸುಮ್ಮನಿದ್ದೆ. ಅವಳು ಸುಮ್ಮನಿರಲಿಲ್ಲ.

"ದೇವರ ಮ್ಯಾಲ ಯಾಕ ಹಾಕ್ತೀರಿ? ಡ್ಯೂಟಿ ಚಾರ್ಟ್ ದೇವರು ಬರೀತಾನೇನು?"

ಮೊದಲ ಮೀಟಿಂಗಿನಲ್ಲಿ ನಾವು ಸೋತುಬಂದೆವು.
ಅದಕ್ಕೆ ಕಾರಣ ಕೇಳಿದರೆ ಇಂದು ನಗುತ್ತೀರಿ...
ಡಾಕ್ಟರರು ಬಂದರೆ ನರ್ಸು ಎದ್ದು ನಿಲ್ಲಬೇಕು, ಅವರು ಹೇಳುವ ತನಕ ಕೂರಬಾರದು... ಇದು ನಮಗೆ ಮೊದಲ ದಿನದಿಂದ ಕಲಿಸಿದ ಶಿಸ್ತು.
ಸೂಪರಿಂಟೆಂಡೆಂಟ್ ಸಾಹೇಬರು ಒಳಬಂದರು. ನಾವಿಬ್ಬರೂ ಎದ್ದೆವು.
ಅವರು ಕೂರಲು ಹೇಳಲಿಲ್ಲ... ನಾವು ಕೂರಲಿಲ್ಲ.
ಮೀಟಿಂಗು ಮುಗಿಯುವವರೆಗೂ ಕೈ ಹಿಂದೆ ಕಟ್ಟಿಕೊಂಡು, ರೌಂಡ್ಸಿನಲ್ಲಿ ನಿಂತಂತೆ ನಿಂತಿದ್ದೆವು.
ಹಾಗೆ ನಿಂತವರ ಬಾಯಲ್ಲಿ ವಾದ ಹುಟ್ಟುವುದೇ ಇಲ್ಲ. ಬೇಡಿಕೆಯ ಕಾಗದ ನನ್ನ ಕೈಯಲ್ಲೇ ಉಳಿಯಿತು.

ಹೊರಗೆ ಆಂಬುಲೆನ್ಸ್ ಡ್ರೈವರ್ ಮರಾಠಿಯಲ್ಲಿ ಕೆಣಕಿದ... "ಖುರ್ಚಿ ಚಾವ್ತೆ ಕಾಯ್, ಸಿಸ್ಟರ್?"
ಕುರ್ಚಿ ಏನು, ಕಚ್ಚುತ್ತದೆಯೇ?

ನೀಲವ್ವಾ... ಆಮೇಲೆ ನೀನು ಹೂಡಿದ ಅಭ್ಯಾಸ ನೆನಪಿದೆಯೇ?

ಬಟ್ಟೆ ಕೋಣೆಯಲ್ಲಿ ನನ್ನನ್ನು ಸಾಹೇಬರನ್ನಾಗಿ ಮಾಡಿದೆ.
ನಾನು ಬಾಗಿಲಿನಿಂದ ಒಳಬರಬೇಕು... ನೀನು ಕುಳಿತೇ ಇರಬೇಕು.
ನಾಲ್ಕು ಸಲ ನಾನು ಬಂದೆ. ನಾಲ್ಕು ಸಲವೂ ನೀನು ಎದ್ದೆ!

"ಈ ಮೊಣಕಾಲು ನನ್ನವಲ್ಲ ಅಕ್ಕಾರ, ಆಸ್ಪತ್ರಿಯವು."

ಎರಡನೆಯ ಮೀಟಿಂಗಿನ ದಿನ, ಎಲ್ಲರಿಗಿಂತ ಮೊದಲು ಹೋಗಿ, ರೋಲರ್ ಬ್ಯಾಂಡೇಜಿನಿಂದ ನಿನ್ನ ಸೊಂಟವನ್ನು ಕುರ್ಚಿಗೆ ಕಟ್ಟಿಸಿಕೊಂಡೆ. ಕಟ್ಟಿದವಳು ನಾನೇ.
ಬಿಳಿಯ ಸೀರೆಯ ಮೇಲೆ ಬಿಳಿಯ ಪಟ್ಟಿ ಯಾರಿಗೂ ಕಾಣಲಿಲ್ಲ.
ಸಾಹೇಬರು ಬಂದರು. ಅಭ್ಯಾಸ ಬಿಡಲಿಲ್ಲ... ನೀನು ಏಳಹೋದೆ.
ಕುರ್ಚಿಯೂ ನಿನ್ನೊಡನೆ ಅಂಗುಲದಷ್ಟು ಎದ್ದು ಧಡ್ ಎಂದು ಕೂತಿತು.

ಸಾಹೇಬರು ಬೆಳಗಾವಿಯವರು. ಬೈಯುವಾಗ ಮಾತ್ರ ಕನ್ನಡ.
"ಏನದು ಸಪ್ಪಳ?"
"ಕುರ್ಚಿ ಎದ್ದಿತ್ರಿ ಸರ್. ಕೂಡಿಸಿದೆ."

ನಾನೋ ಎದ್ದು ನಿಂತೇಬಿಟ್ಟಿದ್ದೆ. ನೀನು ಸೆರಗು ಹಿಡಿದು ಜಗ್ಗಿ ನನ್ನನ್ನೂ ಕೂರಿಸಿದೆ.
ಕೂತಲ್ಲಿಂದಲೇ ನೀನು ಮಾತಿಗಾರಂಭಿಸಿದೆ... ಯಾವ ವಾರ್ಡಿನಲ್ಲಿ ದಿನಕ್ಕೆ ಎಷ್ಟು ಸಲ ಎತ್ತಬೇಕು, ಯಾರ ಕೂಸು ಎಲ್ಲಿ ಹೋಯಿತು...
ನನ್ನ ಹೆಸರು ಹೇಳಲಿಲ್ಲ. ಆದರೂ ಸಾಹೇಬರು ನನ್ನ ಕಡೆ ನೋಡಿ, ಕಣ್ಣು ತಗ್ಗಿಸಿದರು. ಆ ದಿನ ಬೈಯದೆಯೂ ಕನ್ನಡದಲ್ಲೇ ಮಾತಾಡಿದರು.

"ಆತ್ರಿ, ಒಪ್ಪಿದೆ. ಆದ್ರ ಹೊಸ ಮಂದಿ ಕೊಡಲಿಕ್ಕೆ ಟ್ರಸ್ಟ್ ಒಪ್ಪೂದಿಲ್ಲ. ಪೇಶಂಟ್ ತಾನಾಗೇ ಏಳ್ತಾನೇನು? ಅವರ ಪಾಲಿಂದು ಎತ್ತವರ್ ಯಾರು?"

ಒಂದು ಉಸಿರಿನಷ್ಟೂ ತಡಮಾಡದೆ ನೀನೆಂದೆ...
"ನಾ ಎತ್ತತೀನ್ರಿ. ಬರಕೋರಿ."

ಅವರು ಬರೆದುಕೊಂಡರು.
ನಾವೆಲ್ಲ ಅದನ್ನು ಮಾತಿನ ಭರವೆಂದು ತಿಳಿದೆವು.
ನೀನು ಮೂಳೆ ವಾರ್ಡನ್ನು ಕೇಳಿ ಪಡೆದೆ. ಎಂಬತ್ತರ ದಶಕ ಪೂರ್ತಿ ಅಲ್ಲೇ ಇದ್ದೆ.
ಸಂಗೀತಾಳ ಪಾಲು, ಮೇರಿಯ ಪಾಲು, ಹೆಸರು ಮರೆತ ಇನ್ನೆಷ್ಟೋ ಹುಡುಗಿಯರ ಪಾಲು... ನೀನೇ ಎತ್ತಿದೆ.
ಮೊದಲನೆಯದು ನನ್ನ ಪಾಲು.

ಬೆನ್ನು ಬಾಗತೊಡಗಿದಾಗ ನಾನು ಅತ್ತೆ.
"ಅಳಬ್ಯಾಡ್ರಿ ಅಕ್ಕಾರ. ಭಾಳ ವರ್ಷ ನೆಟ್ಟಗ ನಿಂತಿದ್ದೆ, ಸಾಕಾಗಿತ್ತು" ಎಂದು ನೀನು ನಕ್ಕೆ.

ಕರಾರಾದ ಆ ವರ್ಷವೇ ಶ್ರಾವಣದಲ್ಲಿ, ದಿನ ತುಂಬಿ, ನನಗೆ ಮಗ ಹುಟ್ಟಿದ.
ಅವನಿಗಿಂದು ತಲೆ ನರೆತಿದೆ.

ಸಂಜೆ ಐದಕ್ಕೆ ಅಂತ್ಯಕ್ರಿಯೆ.
ಮೂರು ಮಹಡಿ ಇಳಿದು ಬರುವ ಶಕ್ತಿ ನನಗಿಲ್ಲ, ನೀಲವ್ವಾ... ಕ್ಷಮಿಸು.
ಮಗ ಸ್ನಾನ ಮಾಡಿ, ಪಂಚೆಯುಟ್ಟು, ಈಗಷ್ಟೇ ಹೊರಟ.
ನಿನಗೆ ಹೆಗಲು ಕೊಡಲು.

ದಣಿದ ಈ ಜೀವಕ್ಕೆ ಶ್ರೀಹರಿಯ ಚರಣದಲ್ಲಿ ನೆರಳು ಸಿಗಲಿ...
ಹೋಗಿ ಬಾ, ತಾಯಿ. ನೆಮ್ಮದಿಯಿಂದಿರು.