ಐಸ್ ಫ್ಯಾಕ್ಟರಿಯ ನಾಲ್ಕನೇ ವಾದಕಿ

ಊರಿಗೆಲ್ಲ ಅವಳು ಅಕ್ಕ. ಒಡಹುಟ್ಟಿದ ತಮ್ಮ ಒಬ್ಬನೇ, ಲಾರಿ ಓಡಿಸುವವನು. ಆದರೆ ಕನ್ನಡಕದ ಅಂಗಡಿಯ ನಾನೂ, ಅವಳಿಗಿಂತ ಹತ್ತು ವರ್ಷ ದೊಡ್ಡವರಾದ ಫ್ಯಾಕ್ಟರಿ ಯಜಮಾನರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದೆವು. ಮರಳುಗಾಡಿನ ಅಂಚಿನ ನಮ್ಮೂರಿಗೆ ಇದ್ದದ್ದು ಒಂದೇ ಐಸ್ ಫ್ಯಾಕ್ಟರಿ. ಅದರ ಕಂಪ್ರೆಸರ್ ನೋಡಿಕೊಳ್ಳುವ ಕೆಲಸ ಮೂವತ್ತೊಂದು ವರ್ಷದಿಂದ ಅವಳದು. ಬೆಳಿಗ್ಗೆ ಬಂದವಳೇ ಮಗುವಿನ ಜ್ವರ ನೋಡುವವರ ಹಾಗೆ ಯಂತ್ರದ ಮೈಮೇಲೆ ಅಂಗೈ ಇಡುತ್ತಿದ್ದಳು. ಆಮೇಲೆ ತಲೆ ವಾರೆ ಮಾಡಿ ಸದ್ದು ಕೇಳುತ್ತಿದ್ದಳು. "ಇವತ್ತು ಗಂಟಲು ಕಟ್ಟಿದೆ" ಅಂದಳೆಂದರೆ ಸಂಜೆಯೊಳಗೆ ಯಾವುದಾದರೂ ಬೇರಿಂಗ್ ಕೈಕೊಟ್ಟೇ ಕೊಡುತ್ತಿತ್ತು.

ಹಾಡುಗೀಡು ಅವಳಿಗೆ ಆಗಿಬರುತ್ತಿರಲಿಲ್ಲ. ತಮ್ಮ ಗಿಟಾರ್ ಎತ್ತಿಕೊಂಡರೆ ಸಾಕು, "ಶುರುವಾಯ್ತಪ್ಪಾ ತಗಡು ಹರಿಯೋದು" ಎಂದು ಹೊರಗೆ ಹೋಗಿ ನಿಲ್ಲುತ್ತಿದ್ದಳು.

ನಮ್ಮದು ಮೂವರ ತಂಡ. ತಮ್ಮನದು ಗಿಟಾರ್, ಹಾಡು ನನ್ನದು. ಡ್ರಮ್ಸ್ ಬಾರಿಸುವವಳು ತಮ್ಮನ ಹೆಂಡತಿ. ಶಾಲೆಯಲ್ಲಿ ಲೆಕ್ಕದ ಮೇಡಂ ಆದ್ದರಿಂದ, ನಾವು ತಾಳ ತಪ್ಪಿದರೆ ಬೆಂಚಿನ ಮೇಲೆ ನಿಲ್ಲಿಸುವವಳ ಹಾಗೆ ಕಣ್ಣು ಬಿಡುತ್ತಿದ್ದಳು. ನುಡಿಸುತ್ತಿದ್ದದ್ದು ರಾಕ್. ಅದೂ ಭಾರದ್ದು, ಮರಳಲ್ಲಿ ಚಕ್ರ ಹೂತ ಲಾರಿ ಮೇಲೇಳಲು ತಿಣುಕುವಂಥದ್ದು. ಮಂದ್ರದಲ್ಲಿ ಗುಂಯ್‌ಗುಡುವ ಬೇಸ್ ಗಿಟಾರ್ ನುಡಿಸುವವರು ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ. ಇಲ್ಲದಿದ್ದರೆ ಬೇಡ, ಆಲ್ಬಂ ಮಾಡಿಯೇಬಿಡೋಣ ಎಂಬ ಹುಳ ತಲೆಗೆ ಹೊಕ್ಕಿತು. ಆದರೆ ಜಾಗ ಎಲ್ಲಿ? ಬೇಸಿಗೆಯ ಮಧ್ಯಾಹ್ನ ಯಾವ ಕೋಣೆಯಲ್ಲಿ ಕೂತರೂ ಕಾವಿಗೆ ತಂತಿ ಸಡಿಲವಾಗಿ ಶ್ರುತಿ ಜಾರಿಹೋಗುತ್ತಿತ್ತು. ಕೊನೆಗೆ ಅಕ್ಕನೇ ಕನಿಕರಪಟ್ಟಳು.

"ಉಪ್ಪಿನ ಮೂಟೆ ಇಡೋ ಕೋಣೆ ಖಾಲಿ ಬಿದ್ದಿದೆ. ತಣ್ಣಗಿದೆ. ಬಂದು ಅಲ್ಲಿ ಕಿರುಚಿಕೊಳ್ಳಿ."

ಒಂದೇ ತೊಂದರೆ, ಗೋಡೆಯ ಆಚೆಗೇ ಕಂಪ್ರೆಸರ್.

"ಅಕ್ಕಾ, ಒಂದು ಗಂಟೆ ಅದನ್ನ ನಿಲ್ಲಿಸ್ತೀಯಾ?" ಎಂದು ತಮ್ಮ ಗೋಗರೆದ.

"ಬೇಕಾದ್ರೆ ನಿನ್ನ ಉಸಿರು ನಿಲ್ಲಿಸ್ತೀನಿ ಕಣೋ, ಅದನ್ನ ಮಾತ್ರ ಕೇಳಬೇಡ."

ಬೇರೆ ದಾರಿ ಕಾಣದೆ ನಾವೇ ಅದರ ಗುಂಯ್‌ಗುಡುವಿಕೆಗೆ ನಮ್ಮ ಶ್ರುತಿ ಹೊಂದಿಸಿಕೊಂಡೆವು. ಹನ್ನೊಂದು ಮಧ್ಯಾಹ್ನಗಳಲ್ಲಿ ಏಳು ಹಾಡು ಮುಗಿದವು. ಆಲ್ಬಂಗೆ 'ನೆರಳಿಲ್ಲ' ಎಂದು ಹೆಸರಿಟ್ಟೆವು.

ಮೊದಲ ವಿಮರ್ಶೆ ಬಂದದ್ದು ನಮ್ಮೂರ ಪತ್ರಿಕೆಯಲ್ಲಿ: "ಇದರ ಜೊತೆ ತಲೆನೋವಿನ ಮಾತ್ರೆಯನ್ನೂ ಕೊಟ್ಟಿದ್ದರೆ ಉಪಕಾರವಾಗುತ್ತಿತ್ತು." ರೇಡಿಯೋದವರು ಎರಡು ನಿಮಿಷ ಹಾಕಿ, ತಾಂತ್ರಿಕ ಅಡಚಣೆಗಾಗಿ ಕ್ಷಮೆ ಕೇಳಿದರು. ನಾವು ಒಂದು ವಾರ ಯಾರ ಮುಖವನ್ನೂ ನೋಡಲಿಲ್ಲ.

ಆಮೇಲೆ ರಾಜಧಾನಿಯ ಸಂಗೀತ ಮಾಸಿಕ ಬಂತು. ಅದರಲ್ಲಿ ಬರೆಯುವ ವಿಮರ್ಶಕರೆಂದರೆ ದೊಡ್ಡ ದೊಡ್ಡ ತಂಡಗಳೂ ಗಡಗಡ ನಡುಗುತ್ತಿದ್ದವು. ಅಂಗಡಿಯ ಕೌಂಟರ್ ಮೇಲೆ ಹರಡಿ ಮೂವರೂ ಓದಿದೆವು. ಎರಡು ಪೂರ್ತಿ ಪುಟ! ಗಿಟಾರಿಗೆ ಒಂದು ಸಾಲು. ನನ್ನ ಬಗ್ಗೆ, "ಗಾಯಕನ ಬಾಯಲ್ಲಿ ಮರಳಿದೆ, ಉಗುಳದಿರಲಿ." ಉಳಿದದ್ದೆಲ್ಲ ಇನ್ನೊಬ್ಬರ ಮೇಲೆ: "ಹೆಸರು ಹಾಕಿಕೊಳ್ಳದ ನಾಲ್ಕನೇ ವಾದಕರು ಯಾರು? ಮೊದಲಿಂದ ಕೊನೆವರೆಗೂ ಒಂದೇ ಮಂದ್ರ ಸ್ವರ ಹಿಡಿದು ಕೂತಿದ್ದಾರೆ. ಎಂಥ ಸಂಯಮ! ಈ ತಂಡದಲ್ಲಿ ಉಳಿದವರನ್ನು ಕೇಳಿಸಿಕೊಂಡು ನುಡಿಸುವವರು ಇವರೊಬ್ಬರೇ."

ಮೇಡಂ ನಕ್ಕು ನಕ್ಕು ನೆಲದ ಮೇಲೆ ಕೂತುಬಿಟ್ಟಳು. ಚಪ್ಪಲಿ ಮರೆತು, ಮಾಸಿಕ ಹಿಡಿದುಕೊಂಡು ತಮ್ಮ ಕಾದ ರಸ್ತೆಯಲ್ಲಿ ಕುಪ್ಪಳಿಸುತ್ತ ಫ್ಯಾಕ್ಟರಿಗೆ ಓಡಿದ. ಅಕ್ಕ ಪುಟಗಳನ್ನು ಎರಡು ಸಲ ಓದಿದಳು.

"ಸಂಯಮ ಅಂತಾನಲ್ಲ, ಕಿವಿ ಇದೆ ಮನುಷ್ಯನಿಗೆ," ಅಂದಳು.

ಮುಂದಿನ ವಾರ ಆ ವಿಮರ್ಶಕರೇ ಬಸ್ಸಿಳಿದರು, ನಾಲ್ಕನೆಯವರನ್ನು ನೋಡಲೇಬೇಕೆಂದು. ಸುಳ್ಳು ಹೇಳಲು ಯಾರಿಗೂ ಧೈರ್ಯ ಬರಲಿಲ್ಲ. ಫ್ಯಾಕ್ಟರಿಯೊಳಗೆ ಕರೆದುಕೊಂಡು ಹೋದೆವು. ದಾರಿಯ ಧೂಳಿಗೆ ಅವರ ದಪ್ಪ ಕನ್ನಡಕ ಮಬ್ಬಾಗಿತ್ತು. ಒರೆಸಿಕೊಂಡು ನೋಡಿದರೆ ಎದುರಿಗೆ ಹಸಿರು ಬಣ್ಣದ ಕಂಪ್ರೆಸರ್, ಪಕ್ಕದಲ್ಲಿ ಕೈಗೆ ಗ್ರೀಸ್ ಮೆತ್ತಿಕೊಂಡ ಅಕ್ಕ. ಅವರು ಬಗ್ಗಿ ಯಂತ್ರಕ್ಕೆ ಕಿವಿಗೊಟ್ಟರು. ನಮ್ಮ ಕಥೆ ಮುಗಿಯಿತು ಅಂದುಕೊಂಡೆ.

"ಐದನೇ ಹಾಡಲ್ಲಿ ಈ ಸದ್ದು ನಿಧಾನಕ್ಕೆ ಜೋರಾಗುತ್ತಲ್ಲ," ಎಂದು ಕೊನೆಗೆ ಕೇಳಿದರು. "ಅದು ತಾನಾಗೇ ಆದದ್ದಾ?"

"ತಾನಾಗೇ ಹೇಗಾಗತ್ತೆ ಸ್ವಾಮಿ?" ಅಕ್ಕನಿಗೆ ರೇಗಿತು. "ಇವರ ಗದ್ದಲ ಜಾಸ್ತಿಯಾಯ್ತು ಅಂದ್ರೆ ನಂಗೆ ಮಷೀನ್ ಸದ್ದು ಕೇಳಲ್ಲ. ಕೇಳ್ಲಿ ಅಂತ ವಾಲ್ವ್ ತಿರುಗಿಸಿ ಜೋರು ಮಾಡ್ತಿದ್ದೆ. ಇವರು ತಣ್ಣಗಾದ್ರೆ ಇಳಿಸ್ತಿದ್ದೆ."

ಇದು ನಮಗೂ ಗೊತ್ತಿರಲಿಲ್ಲ. ಮೂವರೂ ಪಿಳಿಪಿಳಿ ಕಣ್ಣು ಬಿಟ್ಟೆವು. ವಿಮರ್ಶಕರು ನಗಲಿಲ್ಲ. "ಹಾಗಿದ್ರೆ ನಾನು ಬರೆದದ್ದರಲ್ಲಿ ಒಂದಕ್ಷರವೂ ಬದಲಿಸೋದು ಬೇಡ," ಎಂದು ಅಕ್ಕನಿಗೆ ಕೈ ಮುಗಿದರು. ಅಕ್ಕ ಗ್ರೀಸಿನ ಕೈಯಲ್ಲೇ ಮುಗಿದಳು.

ಸುದ್ದಿ ಹಬ್ಬಿದ್ದೇ ತಡ, ಯಜಮಾನರು ಫ್ಯಾಕ್ಟರಿ ಅಂಗಳದಲ್ಲೇ ಕಾರ್ಯಕ್ರಮ ಇಡಿಸಿದರು. ನಾನೂರು ಜನ ಸೇರಿದರು. ಕುರ್ಚಿ ಸಾಲದೆ ಐಸ್ ಗಡ್ಡೆಗಳ ಮೇಲೆ ಗೋಣಿ ಹಾಸಿ ಕೂರಿಸಿದೆವು. ಎರಡನೇ ಹಾಡಿಗೆ ಇಡೀ ಸಭೆ ಎದ್ದು ಕುಣಿಯಿತು. ಹಾಡು ಹಿಡಿಸಿತೋ ಕೂತ ಜಾಗ ಕೊರೆಯಿತೋ, ನಾವು ವಿಚಾರಿಸಲು ಹೋಗಲಿಲ್ಲ. ಯಂತ್ರದ ಕೋಣೆಯ ಬಾಗಿಲು ತೆರೆದಿಟ್ಟು, ಕೂದಲು ಬಿಗಿಯಾಗಿ ಕಟ್ಟಿ, ವಾಲ್ವ್ ಹಿಡಿದು ನಿಂತಿದ್ದ ಅಕ್ಕನಿಗೆ ಜನ ಶಿಳ್ಳೆ ಹೊಡೆದರು. ನನಗೆ ಯಾರೂ ಹೊಡೆಯಲಿಲ್ಲ, ಬಿಡಿ.

ಕಾರ್ಯಕ್ರಮಕ್ಕೂ ಬಂದಿದ್ದ ಆ ವಿಮರ್ಶಕರು ಮತ್ತೆ ಬರೆದರು. ಹೊಗಳಿಕೆಯೇ, ಆದರೆ ಕೊನೆಯಲ್ಲಿ ಒಂದು ಕೊಂಕು: "ಮೂರನೇ ಹಾಡಿನಲ್ಲಿ ನಾಲ್ಕನೆಯವರು ಅರ್ಧ ತಾಳ ತಡವಾಗಿ ಬಂದರು." ಅಕ್ಕ ಕೆಂಡವಾದಳು. ಫೋನ್ ಎತ್ತಿದಳು.

"ಬೆಲ್ಟ್ ಜಾರಿತು ಸ್ವಾಮಿ! ನಂದೇನು ತಪ್ಪು?"

"ವಾದ್ಯ ಸರಿ ಇಟ್ಕೊಳ್ಳೋದು ವಾದಕಿಯ ಜವಾಬ್ದಾರಿ ತಾಯಿ," ಎಂದಿತು ಆ ಕಡೆಯ ದನಿ.

ಅಕ್ಕ ಫೋನ್ ಇಟ್ಟು ನಮ್ಮ ಕಡೆ ತಿರುಗಿದಳು. ಮುಖ ಇಷ್ಟಗಲ ಆಗಿತ್ತು. "ಕೇಳಿಸ್ತೇನೋ? ವಾದಕಿ ಅಂದ!"

ಮಾರನೇ ದಿನ ಊಟದ ಬಿಡುವಿನಲ್ಲಿ ಹೇಳಿಕಳಿಸಿದಳು. ಹೊಸ ಬೆಲ್ಟ್ ಹಾಕಿಯಾಗಿತ್ತು. ಮೂರನೇ ಹಾಡನ್ನು ಹದಿನಾಲ್ಕು ಸಲ ನುಡಿಸಿಸಿದಳು. ಹದಿನೈದನೆಯ ಸಲಕ್ಕೆ ಲೆಕ್ಕದ ಮೇಡಂ ಕೋಲು ಕೆಳಗಿಟ್ಟು ಕೈ ಜೋಡಿಸಿದಳು.

"ಅತ್ತಿಗೇ, ನಿಮ್ಮ ದಮ್ಮಯ್ಯ, ಎರಡು ಗಂಟೆಗೆ ನಂಗೆ ಕ್ಲಾಸಿದೆ!"

"ಹೋಗುವಿಯಂತೆ," ಗೋಡೆಯಾಚೆಯಿಂದ ಅಕ್ಕ ಕೂಗಿದಳು. "ಇನ್ನೊಂದೇ ಸಲ. ತಾಳ ನೆಟ್ಟಗೆ ಹಿಡಿ."