ಸಿನೆಮಾ ಸಂಜೆಯ ದೋಣಿಯವನು

ಆಲಂಕಾರು ಕಡೆಯ ಕಡವಿನಲ್ಲಿ ದೋಣಿ ನಡೆಸುತ್ತಿದ್ದವನ ಮೇಲೆ ನನ್ನ ಅತ್ತೆಗೆ ಸದಾ ಸಂಶಯ. ಸರಕಾರದ ಪ್ರಚಾರದ ವ್ಯಾನು ಶಾಲೆಯ ಬಯಲಿನಲ್ಲಿ ಸಿನೆಮಾ ತೋರಿಸುವ ಸಂಜೆ ಅವನು ಬಂಗಿ ಸೊಪ್ಪು ಸೇದಿಯೇ ಬಂದು ಮುಂದೆ ಕೂರುತ್ತಿದ್ದ. ಪರದೆಯಲ್ಲಿ ಜೇನುಹುಳ ಹಾರಿದರೂ, ಬೀಜ ಒಡೆದು ಮೊಳಕೆ ತಲೆಯೆತ್ತಿದರೂ "ಮೆಲ್ಲ ಮಗಾ, ಮೆಲ್ಲ" ಎಂದು ಅದಕ್ಕೇ ಹೇಳಿ ಕಣ್ಣೊರೆಸಿಕೊಳ್ಳುತ್ತಿದ್ದ.

ಒಮ್ಮೆ ಸಿನೆಮಾ ಮುಗಿದು ನಾವು ಹೊಳೆ ದಾಟಬೇಕಿತ್ತು. ಅತ್ತೆ ಅವನ ಹೆಗಲ ಮೇಲಿನ ಬೈರಾಸನ್ನು ಮೂಸಿ, "ಎಂತ ಮಾರಾಯ, ಈ ಕಣ್ಣಲ್ಲಿ ನಮ್ಮನ್ನು ಮುಳುಗಿಸುದಾ?" ಎಂದರು.

"ನನಗೂ ಅದೇ ಸಂಶಯ, ಅಕ್ಕ. ಅದಕ್ಕೇ ಇವತ್ತು ದೋಣಿ ಇವಳದ್ದು."

ದೋಣಿಯಲ್ಲಿ ಅವನ ಹೆಂಡತಿ ಬಿದಿರ ಗಳ ಹಿಡಿದು ನಿಂತಿದ್ದಳು. ನಾವು ಹತ್ತಿದೆವು. ಅವನೂ ಕಾಲೆತ್ತಿದ.

"ನೀವು ಅಲ್ಲೇ ಕೂತುಕೊಳ್ಳಿ. ಎಲ್ಲರೂ ದಾಟಿದ ಮೇಲೆ ಬರುವಿರಂತೆ," ಎಂದಳು.

ಅವನು ಎತ್ತಿದ ಕಾಲಿಳಿಸಿ ಮರಳಲ್ಲಿ ಕೂತ. ಆಚೆ ದಡ ಸಿಗುವವರೆಗೂ ಅತ್ತೆ ತಿರುಗಿ ತಿರುಗಿ, ಅವನು ಅಲ್ಲೇ ಇದ್ದಾನಾ ಎಂದು ನೋಡುತ್ತಿದ್ದರು.